ಕೆಂಪು ಡಬ್ಬದ ಹೂಗಿಡ

ಕಾವಲುಗಾರ ಆಗಲೇ ತಪ್ಪೊಪ್ಪಿಕೊಂಡಿದ್ದ. ಅಂಗಡಿ ಸಾಲಿನ ಕಸದ ಕೋಣೆಗೆ ಬೆಂಕಿ ಬಿದ್ದದ್ದು ತನ್ನ ಬೀಡಿಯಿಂದಲೇ ಎಂದು, ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಹೇಳಿದ್ದ. ಆ ಬೆಂಕಿ ಆರಿಸಿದವನೂ ಅವನೇ. ಸಂಜೆಯೊಳಗೆ ಪೊಲೀಸರಿಗೆ ಒಪ್ಪಿಸುವುದೆಂದು ಸಾಲಿನ ಮ್ಯಾನೇಜರ್ ತೀರ್ಮಾನಿಸಿದ್ದ. ಅಲ್ಲೇ ಕಸ ವಿಂಗಡಿಸುವ ಕಾವಲುಗಾರನ ಹೆಂಡತಿ ಹಿಂದಿನ ಬೀದಿಯ ಅತ್ತೆ-ಸೊಸೆಯರ ಮನೆಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು: "ಅವ್ರು ಬೀಡಿ ಬಿಟ್ಟು ಎಷ್ಟೋ ಕಾಲ ಆಯ್ತಮ್ಮ."

ಆ ಮನೆಯ ಅತ್ತೆ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಏನೇ ಕಳುವಾಗಲಿ, ಯಾರೇ ಕಾಣೆಯಾಗಲಿ, ಬೀದಿಯ ಜನ ಮೊದಲು ತಟ್ಟುತ್ತಿದ್ದದ್ದು ಅವರ ಕದವನ್ನೇ. ಅತ್ತೆಯ ಮೂಗು ಹೋದಲ್ಲೆಲ್ಲ ತಾನು ಚೀಲ ಹೊರಬೇಕೆಂದು ಗೊಣಗುತ್ತಲೇ ಸೊಸೆ ಚಪ್ಪಲಿ ಮೆಟ್ಟಿದಳು.

ಮ್ಯಾನೇಜರನ ಆಫೀಸಿನ ಬಾಗಿಲಲ್ಲಿ ಕೆಂಪು ಕಬ್ಬಿಣದ ಡಬ್ಬದೊಳಗೆ ಹೂಗಿಡ ನಳನಳಿಸುತ್ತಿತ್ತು. ಸೊಸೆ ಹೂವನ್ನು ನೋಡಿದಳು; ಅತ್ತೆ, ಡಬ್ಬದ ಅಂಚಿಗೆ ಉಳಿದಿದ್ದ ಮುಚ್ಚಳದ ಕೀಲನ್ನು.

ಕಸದ ಕೋಣೆಯಲ್ಲಿ ಇನ್ನೂ ನೀರು ನಿಂತಿತ್ತು. ಬಟ್ಟೆಯ ಮೂಟೆಯ ಹೊರಚಿಂದಿ ಕಂದಿತ್ತಷ್ಟೇ. ಕೋಲಿನಿಂದ ಬಿಡಿಸಿದರೆ ಒಳಗೆಲ್ಲ ಬೂದಿ. ಉಳಿದ ಒಂದು ಚೂರನ್ನು ಅತ್ತೆ ಮೂಸಿ ಸೊಸೆಯ ಮೂಗಿಗೂ ಹಿಡಿದರು. ಅಗಸೆ ಎಣ್ಣೆ, ಮರಕ್ಕೆ ಪಾಲಿಶ್ ಹಾಕುವಾಗಿನ ವಾಸನೆ. ಅದೇ ನೆಲದ ಮೇಲೆ ಬೆಳಿಗ್ಗೆ ಸಿಕ್ಕಿತೆಂದು ಹಿಂದೆಯೇ ಬಂದ ಮ್ಯಾನೇಜರ್ ಕಾಗದ ಬಿಚ್ಚಿ ಬೀಡಿಯ ತುಂಡನ್ನು ತೋರಿಸಿದ. ಗರಿಗರಿಯಾಗಿತ್ತು.

ಅತ್ತೆ ಎಲ್ಲರನ್ನೂ ಆಫೀಸಿಗೆ ಕರೆಸಿದರು: ಮ್ಯಾನೇಜರ್, ಕುರ್ಚಿ ಮೇಜಿನ ಅಂಗಡಿಯ ಪಾಲಿಶ್ ಮೇಸ್ತ್ರಿ, ಕಾವಲುಗಾರ, ಅವನ ಹೆಂಡತಿ.

"ಬೀಡಿ ಬಿದ್ದಿದ್ರೆ ಹೊರಗಿಂದ ಸುಡ್ಬೇಕಿತ್ತು. ಇದು ಹೊಟ್ಟೆಯಿಂದ ಹತ್ತಿದೆ," ಎಂದರು ಅತ್ತೆ. "ಅಗಸೆ ಎಣ್ಣೆ ಹಿಡಿದ ಬಟ್ಟೇನ ಅದುಮಿ ತುಂಬಿದ್ರೆ ತಾನೇ ಕಾದು ಹೊತ್ಕೊಳ್ಳುತ್ತೆ. ಯಾರೂ ಕಡ್ಡಿ ಗೀರಬೇಕಿಲ್ಲ. ಅಲ್ವೇ ಮೇಸ್ತ್ರಿ?"

ಮೇಸ್ತ್ರಿ ತಲೆ ತಗ್ಗಿಸಿಯೇ ಹೇಳಿದ. ಮೊದಲೆಲ್ಲ ಅಂಥ ಬಟ್ಟೆಯನ್ನು ತಾನು ಮುಚ್ಚಳದ ಕಬ್ಬಿಣದ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿಡುತ್ತಿದ್ದ; ಅಪಾಯದ ಕಸ ಒಯ್ಯುವ ಗಾಡಿ ಬೇರೆ ಬರುತ್ತಿತ್ತು. ಆ ಗಾಡಿ ದಂಡದ ಖರ್ಚು ಎಂದು ಮ್ಯಾನೇಜರ್ ನಿಲ್ಲಿಸಿದ. ಬಟ್ಟೆಯೆಲ್ಲ ಒಣ ಕಸ ಎಂದು ಮೂಟೆ ಕಟ್ಟಿಸಿದ. ಡಬ್ಬ ಏನಾಯಿತೆಂದು ಮೇಸ್ತ್ರಿ ಹೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಹೂಗಿಡದತ್ತ ಹೋಯಿತು.

"ಒಣ ಕಸ ಅಂದಿದ್ದು ನಿಜ. ತುಂಬಿದ್ದು ಇವಳ ಕೈ," ಎಂದ ಮ್ಯಾನೇಜರ್.

"ನೀರು ನಿಂತ ನೆಲದಲ್ಲಿ ಒಣಗಿದ ಬೀಡಿ ಬಿದ್ದದ್ದು ಯಾರ ಕೈಯಿಂದ?" ಎಂದರು ಅತ್ತೆ.

ಅವನು ಬೀಡಿಯ ಕಾಗದವನ್ನು ಜೇಬಿಗೆ ತುರುಕಿದ. ಅತ್ತೆ ಕಾವಲುಗಾರನ ಕಡೆ ತಿರುಗಿದರು. "ನೀನ್ಯಾಕಪ್ಪ ಒಪ್ಕೊಂಡೆ?"

"ನೀನೋ, ಮೂಟೆ ಕಟ್ಟಿದ ನಿನ್ನ ಹೆಂಡ್ತಿಯೋ, ಒಬ್ರ ಹೆಸರು ಹೇಳು ಅಂದ್ರಮ್ಮ ಮ್ಯಾನೇಜರ್ರು."

ಹೆಂಡತಿಗೆ ಅದು ಗೊತ್ತಾದದ್ದೇ ಆಗ. "ನಾನೇ ತುಳಿದು ತುಳಿದು ತುಂಬಿದ್ದೆ," ಎಂದಳು, ಯಾರಿಗೋ ಎಂಬಂತೆ. ಗಂಡನ ಕೈ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಹೊರಗೆ ಹೋಗಿ ಗಿಡವನ್ನು ಬೇರುಸಹಿತ ಕಿತ್ತು ತಂದು ಮ್ಯಾನೇಜರನ ಮೇಜಿನ ಮೇಲಿಟ್ಟಳು.

"ಇದು ಹಸಿ ಕಸ ಸಾರ್. ನೀವೇ ಕಲಿಸಿದ್ದು."

ಮಣ್ಣು ಸುರಿದು ಖಾಲಿ ಮಾಡಿದ ಡಬ್ಬವನ್ನು ನಲ್ಲಿಯ ಕೆಳಗಿಟ್ಟಳು. ಅದು ತುಂಬಿ ಹರಿಯತೊಡಗಿತು. ನಿಲ್ಲಿಸಲು ಕಾವಲುಗಾರ ಅಭ್ಯಾಸದಂತೆ ಕೈ ಚಾಚಿದ, ಬೆರಳು ಮಡಿಸಲಾಗಲಿಲ್ಲ. ಸೊಸೆ ಚೀಲ ಕೆಳಗಿಟ್ಟು ಹೋಗಿ ನಲ್ಲಿ ತಿರುಗಿಸಿದಳು.