ಸರಪಳಿ ಹಾಕಬಾರದ ಮೂಲೆ

"ಚಕ್ಕುಬಂದಿ ಬರೆಸ್ಕಂಡು ಮನೆ ತಗಳಿ ಮಾರಾಯ್ರೆ. ಸರಪಳಿ ಮಾತ್ರ ಹಾಕಿಸ್ಬೇಡಿ," ಎಂದಳು ದ್ಯಾವಮ್ಮ.

ಶೇಷಪ್ಪ ನಕ್ಕುಬಿಟ್ಟ. ನಗದೆ ಏನು ಮಾಡಿಯಾನು? ಬಯಲುಸೀಮೆಯ ಹೊಲಗದ್ದೆಗಳನ್ನೆಲ್ಲ ಸರಪಳಿ ಹಿಡಿದು ಅಳೆದು, ಆಗಷ್ಟೇ ನಿವೃತ್ತನಾಗಿದ್ದ ಮೋಜಣಿದಾರ ಅವನು. ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಹಲಸಿನ ಮರ, ತೆಂಕಣಕ್ಕೆ ಗಾಡಿದಾರಿ, ಬಡಗಣಕ್ಕೆ ಗುಡ್ಡ ಎಂದು ನಾಲ್ಕು ದಿಕ್ಕಿನ ಗುರುತು ಬರೆದು ಕೈತೊಳೆದುಕೊಳ್ಳುವ ಚಕ್ಕುಬಂದಿ ಅವನ ದೃಷ್ಟಿಯಲ್ಲಿ ಅಳತೆಯೇ ಅಲ್ಲ. ಹಳ್ಳ ಮಳೆಗಾಲಕ್ಕೊಮ್ಮೆ ಜರುಗುತ್ತದೆ, ಮರ ಗಾಳಿಗೆ ಬೀಳುತ್ತದೆ. ಅಂಥ ಪತ್ರ ನಂಬಿ ಮನೆ ಕೊಂಡು, ಆಮೇಲೆ ಕೋರ್ಟಿನ ಮೆಟ್ಟಿಲು ಸವೆಸಿದವರನ್ನು ಅವನು ಬೇಕಾದಷ್ಟು ಕಂಡಿದ್ದ.

ದ್ಯಾವಮ್ಮ ಕಳಸದ ಕಡೆಯ ಒಂದು ಸಣ್ಣ ಕಾಫಿ ತೋಟದ ಒಡತಿ. ಗಂಡ ಸತ್ತ ಮೇಲೆ ತೋಟವನ್ನು ತಾನೇ ನಿಭಾಯಿಸುತ್ತಿದ್ದವಳು. ಮಾರಾಟಕ್ಕಿದ್ದದ್ದು ತೋಟದ ಕೆಳಗಿನ ಹೆಂಚಿನ ಮನೆ. ಹಿಂದೆ ತೋಟದ ಲೆಕ್ಕ ಬರೆಯುವ ರೈಟರ್ ಸಂಸಾರವಿದ್ದ ಮನೆ, ಗಟ್ಟಿಯಾಗಿಯೇ ಇತ್ತು. ಹಿತ್ತಲಿನ ಆಚೆ ತುದಿಯಲ್ಲಿ ಮಾತ್ರ ಲಂಟಾನ ಮುಚ್ಚಿಕೊಂಡ ಒಂದು ಮೂಲೆ. ಅಲ್ಲಿಗೆ ದನ ಕೂಡ ಬಾಯಿ ಹಾಕುತ್ತಿರಲಿಲ್ಲ.

"ನಮ್ಮ ಅಜ್ಜನ ಕಾಲ್ದಲ್ಲಿ ಅಣ್ಣ ತಮ್ಮ ಪಾಲಾದ್ರು. ಅಣ್ಣ ಅಳತೇಲಿ ಮೋಸ ಮಾಡ್ದ. ತಮ್ಮ ಘಟ್ಟದ ಕೆಳಗಿಂದ ಮಾಟದವನನ್ನ ಕರ್ಸಿ ಅಲ್ಲೊಂದು ಮಡಕೆ ಹೂಳ್ಸಿದ," ದ್ಯಾವಮ್ಮ ಆ ಕಡೆ ನೋಡದೆಯೇ ಹೇಳಿದಳು. "ಈ ಮೂಲೆ ಅಳೆದು ನಂದು ಅಂದೋರನ್ನ ಈ ನೆಲ ಅಳೆದು ನಂದು ಅನ್ಲಿ, ಅಂತ. ಅಣ್ಣ ಅದೇ ವರ್ಷ ಹೋದ. ಆಮೇಲೆ ಯಾರೂ ಆ ಮೂಲೇನ ಪತ್ರಕ್ಕೆ ಸೇರ್ಸಿಲ್ಲ."

"ಹಾಗಾದರೆ ಅದು ಯಾರದು?"

"ಯಾರದ್ದೂ ಅಲ್ಲ."

"ನೆಲ ಅಂದಮೇಲೆ ಯಾರದಾದರೂ ಆಗಿರಲೇಬೇಕು ತಾಯಿ. ನಾನು ಅಳೆದ ಊರುಗಳಲ್ಲಿ ದೆವ್ವಕ್ಕೆ ಅಂತ ಒಂದು ಗುಂಟೆ ಬಿಟ್ಟಿಲ್ಲ." ಅವನು ಮತ್ತೆ ನಕ್ಕ. ದ್ಯಾವಮ್ಮ ನಗಲಿಲ್ಲ. ಹೇಳುವುದನ್ನು ಹೇಳಿದ್ದಾಯಿತು ಎನ್ನುವಂತೆ ಸೆರಗು ಹೊದ್ದು ಮೇಲಿನ ಮನೆಗೆ ಹತ್ತಿಹೋದಳು.

ಈ ಮನೆ ಅವನ ಆಸೆಗಿಂತ ಅವನ ಹೆಂಡತಿ ಭಾಗಮ್ಮನ ಆಸೆ. ಮದುವೆಯಾದಾಗಿನಿಂದ ಅವಳದು ಬಾಡಿಗೆ ಮನೆಯ ಬಾಳು. ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಿ, ಹೊಸ ಊರಿನ ಹೊಸ ಗೋಡೆಗೆ ಮೊಳೆ ಹೊಡೆಯಲೂ ಯಜಮಾನನ ಅಪ್ಪಣೆ ಕೇಳಿ ಅವಳು ಬಳಲಿಹೋಗಿದ್ದಳು. ಮಕ್ಕಳಾಗಲಿಲ್ಲ. ಕೊನೆಯ ಸಲ ಸಾಮಾನು ಕಟ್ಟುವಾಗ ಪಾತ್ರೆಗಳ ನಡುವೆ ಸುಮ್ಮನೆ ಕೂತುಬಿಟ್ಟು, "ರೀ, ಇನ್ನೊಂದ್ಸಲ ನನ್ನನ್ನ ಎಲ್ಲಿಂದಲೂ ಏಳಿಸಬೇಡಿ," ಎಂದಿದ್ದಳು. ಆ ಮಾತು ಶೇಷಪ್ಪನ ಎದೆಗೆ ನಾಟಿತ್ತು. ಅದಕ್ಕೇ ಮನೆಯನ್ನು ಅವಳ ಹೆಸರಿಗೇ ಬರೆಸಬೇಕು, ಅಂಗುಲವೂ ಬಿಡದಂತೆ ಅಳೆಸಿ ಬರೆಸಬೇಕು ಎಂದು ನಿಶ್ಚಯಿಸಿದ್ದ.

ಅಳತೆಯ ದಿನ ತೋಟದ ಆಳು ಬೊಮ್ಮಯ್ಯ ಸರಪಳಿಯ ಒಂದು ತುದಿ ಹಿಡಿದ. ಮೂರು ಬದಿ ಸುಲಭವಾಗಿ ಮುಗಿಯಿತು. ಲಂಟಾನದ ಹತ್ತಿರ ಬಂದದ್ದೇ ಬೊಮ್ಮಯ್ಯ ಸರಪಳಿಯನ್ನು ಮೆಲ್ಲಗೆ ನೆಲಕ್ಕಿಟ್ಟು, "ನನ್ ಕೈಲಿ ಆಗಲ್ಲ ಅಯ್ಯಾ," ಎಂದು ಹಿಂದೆ ಸರಿದ. ಎಷ್ಟು ಗದರಿದರೂ ಅಲುಗಲಿಲ್ಲ.

"ಬಿಡಿ, ನಾನು ಹಿಡೀತೀನಿ," ಎಂದು ಭಾಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಮುಳ್ಳು ಸರಿಸಿಕೊಂಡು ಒಳಹೊಕ್ಕು, ಮೂಲೆಯಲ್ಲಿ ನಿಂತು, ತಾನೇ ಕಲ್ಲಿನಿಂದ ಗೂಟ ಹೊಡೆದಳು. "ಇಲ್ಲೀವರೆಗೂ ನಮ್ಮದೇ ಏನ್ರೀ?"

"ನಮ್ಮದಲ್ಲ ಕಣೆ, ನಿನ್ನದು."

ಅವಳ ಮುಖದಲ್ಲಿ ಅಂಥ ಬೆಳಕನ್ನು ಶೇಷಪ್ಪ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಪಾಪ, ಅವನಿಗಾದರೂ ಏನು ಗೊತ್ತು. ಹೆಂಡತಿಗೆ ಮನೆ ಕೊಡಿಸಿದೆನೆಂದು ಅವನು ತಿಳಿದ. ನೆಲಕ್ಕೆ ಹೆಂಡತಿಯನ್ನು ಕೊಟ್ಟಿದ್ದ.

ಆ ಮೂಲೆಯೂ ಸೇರಿ ಪತ್ರ ಭಾಗಮ್ಮನ ಹೆಸರಿಗಾಗಿ, ಅವರು ಮನೆಗೆ ಬಂದು ಸೇರುವಷ್ಟರಲ್ಲಿ ಕಾಫಿ ಕುಯ್ಲು ಶುರುವಾಯಿತು. ಕಾಫಿ ಹಣ್ಣು ಸುಲಿಯುವ ಪಲ್ಪರ್‌ನಿಂದ ಬಿದ್ದ ಸಿಪ್ಪೆ ಕೊಳೆತು, ಅದರ ಹುಳಿ ವಾಸನೆ ಕಣಿವೆಯನ್ನೆಲ್ಲ ತುಂಬಿತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಗುಡ್ಡದಿಂದ ಮಂಜು ಇಳಿದು ಅಂಗಳವನ್ನು ನುಂಗುತ್ತಿತ್ತು. ಅಂಥದೊಂದು ಬೈಗಿನಲ್ಲಿ ಹಿತ್ತಲಿನಿಂದ ಸದ್ದು ಬಂತು. ಕಬ್ಬಿಣದ ಕೊಂಡಿಗಳು ಒಣಗಿದ ಎಲೆಯ ಮೇಲೆ ಎಳೆದಾಡುವ ಸದ್ದು. ಆ ಸದ್ದಿನೊಳಗೇ ಹುಟ್ಟಿ ಬೆಳೆದಂಥ ಶೇಷಪ್ಪನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ತಿರುಗಿ ನೋಡಿದ. ಅವನ ಸರಪಳಿ ಜಗಲಿಯ ಮೊಳೆಗೆ ನೇತುಬಿದ್ದಿತ್ತು, ಅಲುಗದೆ.

ಬೆಳಿಗ್ಗೆ ನೋಡಿದರೆ ಹಿತ್ತಲ ಗಡಿಯ ಗೂಟಗಳು ಮನೆಯ ಕಡೆಗೆ ಜರುಗಿದ್ದವು. ಹಂದಿ ಕಿತ್ತಿರಬೇಕು ಎಂದುಕೊಂಡು ಮತ್ತೆ ನೆಟ್ಟ. ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರವಿದ್ದವು. ಆಮೇಲೆ ಬಟ್ಟೆ ಒಣಹಾಕುವ ಕಲ್ಲಿನ ಹತ್ತಿರ. ಹಂದಿಗೆ ಗೂಟ ಕೀಳುವುದು ಗೊತ್ತು, ಸಾಲು ಹಿಡಿದು ನೆಡುವುದು ಗೊತ್ತಿಲ್ಲ. ಶೇಷಪ್ಪನ ನಗು ಅಲ್ಲಿಗೆ ಬತ್ತಿತು.

ಸದ್ದು ಬಂದಾಗಲೆಲ್ಲ ಭಾಗಮ್ಮನ ಕೈಕಾಲು ಸೋಲುತ್ತಿತ್ತು. ಮೊದಲು ನೀರು ಸೇದಲಾಗದೆ ಹೋಯಿತು, ಆಮೇಲೆ ಒಲೆಯ ಮುಂದೆ ಕೂರಲಾಗದೆ. "ಸುಸ್ತು ರೀ, ಏನೂ ಇಲ್ಲ," ಎನ್ನುತ್ತಿದ್ದಳು. ಕಳಸದಿಂದ ಬಂದ ಪಂಡಿತರು ನಾಡಿ ಹಿಡಿದು, ರೋಗವಿಲ್ಲ ಎಂದು ಹೇಳಿ ಹೋದರು. ಹಾಸಿಗೆ ಹಿಡಿದ ಅವಳಿಗೆ ಗಂಜಿ ಕುಡಿಸಲು ಒಂದು ಬೆಳಿಗ್ಗೆ ಶೇಷಪ್ಪ ಒಳಗೆ ಹೋದ. ಸಗಣಿ ಸಾರಿಸಿದ ನೆಲದಲ್ಲಿ, ಚಾಪೆಯ ಸುತ್ತ, ನಾಲ್ಕು ಗೂಟ. ಉದ್ದ ಅವಳಷ್ಟೇ. ಅಗಲ ಅವಳಷ್ಟೇ.

ಗಂಜಿಯ ಬಟ್ಟಲು ಅವನ ಕೈಯಿಂದ ಜಾರಿತು. ಬಂದರೆ ತನಗೆ ಬರಲಿ ಎಂದು ಅವನು ಒಳಗೊಳಗೇ ಸಿದ್ಧನಾಗಿದ್ದ. ಅದು ಅವಳಿಗೆ ಬಂದಿತ್ತು. ಅವಳ ಹೆಸರು, ಅವಳು ಹೊಡೆದ ಗೂಟ, ನಿನ್ನದು ಎಂದ ಅವನ ಬಾಯಿ.

ಗಾಡಿ ಕಟ್ಟಿಸಿ ಅವಳನ್ನು ಎತ್ತಿ ಮಲಗಿಸಿದ. ಗಾಡಿ ಗಡಿಯ ಕಲ್ಲು ದಾಟುತ್ತಿದ್ದಂತೆ ಭಾಗಮ್ಮನ ಉಸಿರು ನಿಂತಿತು. ಹಿಂದಕ್ಕೆ ತಂದರೆ ಮತ್ತೆ ಬಂತು. ಗಾಡಿಯವನು ಎತ್ತು ಬಿಚ್ಚಿಕೊಂಡು ಕೂಲಿಯನ್ನೂ ಕೇಳದೆ ಹೋದ.

ಶೇಷಪ್ಪ ಹಾರೆ ಹಿಡಿದು ಮೂಲೆಗೆ ನುಗ್ಗಿದ. ಕೈ ಮುಳ್ಳಿಗೆ ಹರಿದು ರಕ್ತವಾಯಿತು. ಮೊಣಕಾಲುದ್ದ ಅಗೆದಾಗ ಮೇಣ ಮೆತ್ತಿದ ಕರಿಮಡಕೆ ಸಿಕ್ಕಿತು. ಬಾಯಿ ಒಡೆದ. ಹಳೆಯ ರಕ್ತದ ವಾಸನೆ, ಎಣ್ಣೆ ಜಿಡ್ಡಿನ ವಾಸನೆ ಒಟ್ಟಿಗೇ ಮುಖಕ್ಕೆ ಹೊಡೆಯಿತು. ಒಳಗೊಂದು ಹಗ್ಗ. ಹಿಂದಿನವರು ನೆಲ ಅಳೆಯುತ್ತಿದ್ದಂಥ, ಗಂಟು ಗಂಟಿನ ಹಗ್ಗ. ಹೆಣೆದದ್ದು ಕೂದಲಿನಿಂದ. ಮುಟ್ಟಿದರೆ ಬೆಚ್ಚಗಿತ್ತು. ಅಲ್ಲೇ ಸೊಪ್ಪು ಸದೆ ಒಟ್ಟಿ ಅದಕ್ಕೆ ಬೆಂಕಿ ಹಚ್ಚಿದ.

ಮನೆಯೊಳಗಿಂದ ಚೀರಾಟ ಕೇಳಿಸಿತು. ಓಡಿಬಂದ. ಭಾಗಮ್ಮನ ಜಡೆ ಹೊಗೆಯಾಡುತ್ತಿತ್ತು, ತುದಿಯಿಂದ ಮೇಲಕ್ಕೆ. ಕೊಡದ ನೀರು ಸುರಿದ. ಹೋಗಿ ಹಿತ್ತಲ ಬೆಂಕಿಗೂ ಸುರಿದ. ಹಗ್ಗವನ್ನು ಮಡಕೆಗೆ ಹಾಕಿ, ಅಳುತ್ತಾ ಅದನ್ನು ಮತ್ತೆ ಹೂಳಿದ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಚೀರಾಟ ಕೇಳಿ ಇಳಿದುಬಂದ ದ್ಯಾವಮ್ಮ. ಅದರಲ್ಲಿ ಚುಚ್ಚುಮಾತಿರಲಿಲ್ಲ, ಬರೀ ಆಯಾಸವಿತ್ತು. "ಅಳೆದದ್ದನ್ನ ಅಳೀಲಿಲ್ಲ ಅಂತ ಮಾಡಕ್ಕಾಗಲ್ಲ. ಬೇರೆ ಯಾರಾದ್ರೂ ಮನೆ ಕೊಂಡು, ಆ ಮೂಲೆ ಅಳೆಸಿ ಅವ್ರ ಹೆಸ್ರಿಗೆ ಮಾಡ್ಕಂಡ್ರೆ ನಿಮ್ಮೋರ್ನ ಬಿಡ್ತದೆ. ಗಂಡ ಹೆಂಡ್ತಿ ಒಂದೇ ಒಕ್ಕಲು, ನಿಮ್ಮ ಹೆಸ್ರಿಗೆ ಮಾಡ್ಕಂಡ್ರೆ ಬಿಡಲ್ಲ. ಅಂಥಾದ್ದನ್ನ ಮಾಡಿ ಅಂತ ನಾನು ಹೇಳ್ತಿಲ್ಲ."

ಅವಳು ಹೇಳದಿದ್ದರೇನು, ಅವನು ಕೇಳಿಸಿಕೊಂಡಿದ್ದ. ಆಲ್ದೂರಿನ ಸಂತೆಯಲ್ಲಿ, ಮೂಡಿಗೆರೆಯ ಬಸ್‌ಸ್ಟಾಂಡಿನಲ್ಲಿ, ಮನೆ ಅಗ್ಗಕ್ಕಿದೆ ಎಂದು ಸುದ್ದಿ ಬಿಟ್ಟ. ಬಂದವನು ರಂಗನಾಥ. ಪಕ್ಕದ ಎಸ್ಟೇಟಿಗೆ ಹೊಸದಾಗಿ ಬಂದ ರೈಟರ್. ಕನ್ನಡಕದ ಹುಡುಗ, ಜೊತೆಗೆ ಬಸುರಿ ಹೆಂಡತಿ. ಮನೆ ನೋಡಿ ಇಬ್ಬರ ಕಣ್ಣೂ ಅರಳಿದವು. ರಂಗನಾಥನ ಹೆಂಡತಿ, ಹಾಸಿಗೆ ಹಿಡಿದಿದ್ದ ಭಾಗಮ್ಮನನ್ನು ಮಾತಾಡಿಸಲು ಒಳಗೆ ಹೋದಳು.

ರಂಗನಾಥ ಹಿತ್ತಲಲ್ಲಿ ನಿಂತು ಕೇಳಿದ: "ಸರ್, ನೀವು ಇದೇ ಕೆಲಸದವ್ರು. ಮನೆ ಮಾರೋರನ್ನೇ ಕೇಳ್ಬಾರ್ದು, ಆದ್ರೂ ಕೇಳ್ತೀನಿ. ನಮ್ಮಂಥೋರಿಗೆ ಯಾವ ಅಳತೆ ಒಳ್ಳೇದು? ಚಕ್ಕುಬಂದಿ ಸಾಕಾ?"

ಹುಡುಗ ಅವನನ್ನು ನಂಬಿ ಕೇಳಿದ್ದ. ಶೇಷಪ್ಪ ತನ್ನ ಇಡೀ ನೌಕರಿಯಲ್ಲಿ ಯಾರ ಗಡಿಯನ್ನೂ ಒಂದು ಬೆರಳು ಸರಿಸಿದವನಲ್ಲ. ಲಂಚ ಮುಟ್ಟಿದವನಲ್ಲ. ಒಳಗೆ ಭಾಗಮ್ಮ ಕೆಮ್ಮಿದಳು.

"ಸರಪಳಿ ಹಾಕಿಸಿ," ಎಂದ. "ಮೂಲೆ ಸೇರಿಸಿ ಪೂರ್ತಿ ಅಳೆಸಿ. ಏನನ್ನೂ ಬಿಡಬೇಡಿ." ಹೇಳಿದ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಆ ಹುಡುಗಿ ಒಳಗಿನಿಂದ ಬಂದಳು. ಮುಖ ಬಿಳಿಚಿಕೊಂಡಿತ್ತು. ಗಂಡನ ಕೈ ಹಿಡಿದು, "ನಡೀರಿ. ಈ ಮನೆ ಬೇಡ. ಅಮ್ಮ ಎಲ್ಲಾ ಹೇಳಿದ್ರು," ಎಂದಳು. ಶೇಷಪ್ಪನತ್ತ ಒಮ್ಮೆ ನೋಡಿದಳು. ಬೈಯಲಿಲ್ಲ. ಇಬ್ಬರೂ ಗಾಡಿದಾರಿ ಹಿಡಿದು ಬೇಗಬೇಗನೆ ಇಳಿದುಹೋದರು.

ಶೇಷಪ್ಪ ಒಳಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡ. "ಯಾಕೆ ಹೇಳ್ದೆ? ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ದು ನಾನು?"

"ಅವಳಿಗೆ ಆರು ತಿಂಗಳಂತೆ," ಎಂದಳು ಭಾಗಮ್ಮ. ಮಾತು ತುಂಡುತುಂಡಾಗಿ ಬರುತ್ತಿತ್ತು. "ಬೈಬೇಡಿ. ನನಗೆ ಸಾಕಾಗಿದೆ. ಜೀವಮಾನದಲ್ಲಿ ಒಂದು ನೆಲ ನನ್ನ ಹೆಸರಿಗಾಯ್ತು. ಒಳ್ಳೇದೋ ಕೆಟ್ಟದ್ದೋ, ಅದನ್ನ ಇನ್ನೊಬ್ಬಳ ತಲೆಗೆ ಕಟ್ಟಲ್ಲ ನಾನು. ಬನ್ನಿ, ಹತ್ರ ಕೂತ್ಕೊಳ್ಳಿ."

ಅವನು ಕೂತ. ಮಂಜು ಕಿಟಕಿಯಿಂದ ಒಳಗೆ ಬಂತು. ಗೋಡೆ ಮಾಸಿತು, ಒಲೆ ಮಾಸಿತು. ಕಾಫಿ ಸಿಪ್ಪೆಯ ವಾಸನೆ ಹೋಗಿ ಹಸಿಮಣ್ಣಿನ ವಾಸನೆ ಬಂತು. ಆಗ ಸದ್ದು. ಹಿತ್ತಲಲ್ಲಿ. ಬಾವಿಯ ಹತ್ತಿರ. ಹೊಸ್ತಿಲ ಮೇಲೆ. ಒಂದೊಂದೇ ಕೊಂಡಿ ಹೊಸ್ತಿಲು ಹತ್ತಿ ಇಳಿಯಿತು. ಯಾರೂ ಕಾಣಲಿಲ್ಲ. ಚಾಪೆಯ ಗೂಟಗಳು ನಡುಗಿದವು. ಶೇಷಪ್ಪ ಅವಳ ಮೇಲೆ ಬಿದ್ದ, ತೋಳು ಚಾಚಿ ಮುಚ್ಚಿದ. "ನನ್ನನ್ನ ಅಳೆ! ಅಳೆಯೋಕೆ ಹೇಳಿದ್ದು ನಾನು! ನನ್ನನ್ನ ಅಳೆ!" ತಣ್ಣನೆಯದು ಅವನ ಬೆನ್ನಿಗೆ ತಾಗಿತು. ಹರಿಯಿತು. ನಡುವೆ ಬಿದ್ದ ಕಲ್ಲನ್ನು ದಾಟುವಂತೆ ಅವನನ್ನು ದಾಟಿತು. ತಲೆಯಿಂದ ಕಾಲಿನತ್ತ. ಬಿಗಿಯಿತು. ಮತ್ತೂ ಬಿಗಿಯಿತು. ಕೆಳಗೆ ಭಾಗಮ್ಮ ಒಂದು ಸಲ ಅವನ ಅಂಗಿ ಹಿಡಿದಳು. ಬಿಟ್ಟಳು. ಸದ್ದು ನಿಂತಿತು.

ಅವಳನ್ನು ಆ ಹಿತ್ತಲಲ್ಲೇ ಮಣ್ಣು ಮಾಡಿದರು. ಬೇರೆಲ್ಲಿಗೂ ಒಯ್ಯಲು ಶೇಷಪ್ಪನಿಗೆ ಮನಸ್ಸಾಗಲಿಲ್ಲ.

ತಿಥಿ ಮುಗಿದ ಮೇಲೆ ಅವನು ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ತಾನೊಬ್ಬನೇ ಸರಪಳಿ ಎಳೆದು, ಆ ಮೂಲೆಯನ್ನು ಮತ್ತೆ ಅಳೆದ. ಮಂಜಿಗೆ ಕೇಳಿಸುವಂತೆ ಕೂಗಿದ, "ಇದು ನಂದು!" ಅಂದಿನಿಂದ ದಿನವೂ ಬೈಗಿಗೆ ಬಾಗಿಲು ತೆರೆದಿಟ್ಟುಕೊಂಡು ಜಗಲಿಯಲ್ಲಿ ಕೂತ. ಕುಯ್ಲು ಮುಗಿಯಿತು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತು. ಗೂಟಗಳು ನೆಟ್ಟಲ್ಲೇ ಇದ್ದವು.

ಒಂದು ಸಂಜೆ ದ್ಯಾವಮ್ಮ ಬಂದು ಪಕ್ಕದಲ್ಲಿ ಕೂತಳು. ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು.

"ಅದು ಬರಲ್ಲ," ಎಂದಳು. "ಹೊಟ್ಟೆ ತುಂಬಿದೆ ಅದಕ್ಕೆ. ಅಣ್ಣ ಹೋದಾಗ್ಲೂ ಹೀಗೇ ಒಂದು ತಲೆಮಾರು ಸುಮ್ನಿತ್ತಂತೆ. ಇನ್ನು ನಿಮ್ಗೆ ಏನೂ ಆಗಲ್ಲ. ಧೈರ್ಯವಾಗಿ ಇರ್ಬೌದು ಮನೇಲಿ."

ಅವಳು ಹೋದ ಮೇಲೆ ಶೇಷಪ್ಪ ಮೊಣಕಾಲು ಹಿಡಿದುಕೊಂಡು ಎದ್ದು, ಒಬ್ಬನಿಗಾಗುವಷ್ಟು ಅಕ್ಕಿ ತೊಳೆಯಲು ಒಳಗೆ ಹೋದ.