ಸೋಮವಾರದ ತಲೆನೋವು

ಬಾಗಿಲು ಮುಚ್ಚಿತು. ಹೊರಗಿನಿಂದ!

ಆಮೇಲೆ ಬೀಗದ ಸದ್ದು... ಕಟಕ್.

ನಾನಿದ್ದದ್ದು ಕಲ್ಲುಗಣಿಯ ಮದ್ದಿನ ಕೋಣೆಯಲ್ಲಿ. ಸುತ್ತ ನಲವತ್ತು ಪೆಟ್ಟಿಗೆ ಸ್ಫೋಟಕ. ಗಾಳಿಗೆ ಒಂದೇ ಗವಾಕ್ಷಿ, ಅದಕ್ಕೂ ಜಾಲರಿ. ಫೋನನ್ನು ಗೇಟಿನಲ್ಲಿ ಕೊಟ್ಟು ಬಂದಿದ್ದೆ. ಮದ್ದಿನ ಹತ್ತಿರ ಫೋನ್ ತರಬಾರದೆಂಬುದು ನಿಯಮ. ನಿಯಮ ಪಾಲಿಸಿದ್ದಕ್ಕೆ ಸಿಕ್ಕ ಬಹುಮಾನ ಇದು!

"ಮೇಡಂ..." ಗವಾಕ್ಷಿಯಾಚೆ ಮ್ಯಾನೇಜರ್. "ಬಾಗಿಲ ಕೆಳಗೆ ಒಂದು ಕಾಗದ ತಳ್ಳಿದೀನಿ. ಸೈನ್ ಹಾಕಿ. ಕಾರಲ್ಲಿ ಮನೆ ಮುಟ್ಟಿಸ್ತೀನಿ."

ಓದಿದೆ. ಅಪಘಾತಕ್ಕೆ ಬ್ಲಾಸ್ಟರ್‌ನ ನಿರ್ಲಕ್ಷ್ಯವೇ ಕಾರಣವಂತೆ.

ಆ ಬ್ಲಾಸ್ಟರ್ ನನ್ನ ಸೋದರಮಾವ. ಮೂವತ್ತೊಂದು ವರ್ಷ ಬಂಡೆ ಸಿಡಿಸಿದವರು. ಹತ್ತು ಬೆರಳೂ ನೆಟ್ಟಗಿವೆ. ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಹೋದ ಸೋಮವಾರ, ಕೊರೆದ ಕುಳಿಗೆ ಮದ್ದು ತುಂಬುವಾಗಲೇ ಸಿಡಿದು ಒಬ್ಬ ಡ್ರಿಲ್ಲರ್‌ನ ಅಂಗೈ ಹೋಯಿತು. ಮಾವನ ಲೈಸೆನ್ಸ್ ಕಿತ್ತುಕೊಂಡರು. ಇವತ್ತು ನಾಲ್ಕಕ್ಕೆ ವಿಚಾರಣೆ; ಮಾವನ ಪರ ಮಾತಾಡುವವಳು ನಾನೇ. ಸೋತರೆ ಜೈಲು.

ಭಾನುವಾರ ಗಣಿಗೇ ರಜೆ; ಮಾವನಿಗೆ ಸೋಮವಾರವೂ ರಜೆ. ಆದರೂ ರಿಜಿಸ್ಟರಿನಲ್ಲಿ ಅವರ ಸಹಿ ಇದೆ. ಅಸಲಿ ಸಹಿ! ಪ್ರತಿ ಶನಿವಾರ, ಸೋಮವಾರದ ಪುಟಕ್ಕೂ ಸಹಿ ಹಾಕಿಟ್ಟು ಹೋಗುತ್ತಿದ್ದರು ಪುಣ್ಯಾತ್ಮರು.

"ಕೆಲ್ಸ ನಿಲ್ಬಾರ್ದು ಅಂತ ಹಾಕಿಟ್ಟೆ ಕಣಮ್ಮ," ಅಂದಿದ್ದರು. ಬೈಯಬೇಕೆನಿಸಿತು. ಆ ಮುಖ ನೋಡಿ ಬೈಯಲಾಗಲಿಲ್ಲ.

ನನ್ನನ್ನು ಈ ಕೋಣೆಗೆ ಕಳಿಸಿದ್ದು ಗಾಯಗೊಂಡವನ ಹೆಂಡತಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದಳು.

"ಅಕ್ಕಾ, ಸೋಮವಾರ ಬಂತಂದ್ರೆ ಇವ್ರಿಗೆ ತಲೆ ಸಿಡಿಯೋ ಅಷ್ಟು ನೋವು. ಭಾನುವಾರ ಕುಡಿದಿರ್ತಾನೆ ಅಂತಾರೆ ಆಫೀಸಲ್ಲಿ. ನನ್ನ ಗಂಡ ಟೀ ಬಿಟ್ಟು ಬೇರೇನೂ ಕುಡಿಯಲ್ಲಕ್ಕಾ!"

ಬರೀ ಸೋಮವಾರ... ನನ್ನ ಕಿವಿ ನೆಟ್ಟಗಾಯಿತು. ಮಾವನ ಪರವಾಗಿ ಮದ್ದಿನ ದಾಸ್ತಾನು ನೋಡಬೇಕೆಂದು ಕೇಳಿದೆ; ಮ್ಯಾನೇಜರೇ ಕರೆತಂದು ಒಳಗೆ ಬಿಟ್ಟಿದ್ದ.

ನಮ್ಮ ಮನೆತನದ ಕತೆ ಎಂದರೆ ಸಿಡಿಮದ್ದಿನ ಕತೆಯೇ ಕೇಳಿ. ಮುತ್ತಜ್ಜ ಕರಿಮದ್ದು ತುಂಬಿದವರು. ಹೊಗೆಯಲ್ಲೇ ಕೆಮ್ಮಿ ಹೋದರು. ಅಜ್ಜನ ಕಾಲಕ್ಕೆ ಡೈನಮೈಟ್ ಬಂತು. ಅದರಲ್ಲಿದ್ದ ನೈಟ್ರೋಗ್ಲಿಸರಿನ್ ತಗಲಿದರೆ ಸಾಕು, ತಲೆನೋವು! ವಾರವೆಲ್ಲ ಮುಟ್ಟಿದರೆ ಮೈ ಒಗ್ಗಿಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟು ಮುಟ್ಟಿದಿರೋ, ಮತ್ತೆ ಮೊದಲಿನಿಂದ. ಅದಕ್ಕೇ ಅಜ್ಜ ರಜೆಯ ದಿನವೂ ಟೋಪಿಯ ಪಟ್ಟಿಯೊಳಗೆ ಚೂರು ಸಿಕ್ಕಿಸಿಕೊಂಡು ಓಡಾಡುತ್ತಿದ್ದರಂತೆ. ಅಜ್ಜಿ ಅವರಿಗೆ ಪಡಸಾಲೆಯಲ್ಲೇ ಹಾಸಿಗೆ ಹಾಸುತ್ತಿದ್ದಳು!

ಮಾವನ ಕಾಲಕ್ಕೆ ಎಮಲ್ಷನ್ ಬಂತು. ಬೆಣ್ಣೆಯಂತೆ ಮೆತ್ತಗೆ. ತಲೆನೋವಿಲ್ಲ. ಸಣ್ಣಪುಟ್ಟ ಪೆಟ್ಟಿಗೆ ಕೆರಳುವುದೂ ಇಲ್ಲ.

ಈ ನಲವತ್ತು ಪೆಟ್ಟಿಗೆಗಳ ಮೇಲೂ 'ಎಮಲ್ಷನ್' ಎಂಬ ಚೀಟಿ ಇತ್ತು.

ನಾನು ಒಳಗೆ ಬಂದು ಹತ್ತು ನಿಮಿಷ. ನನ್ನ ಹಣೆಯ ಎರಡೂ ಕಡೆ ಸುತ್ತಿಗೆ ಬಡಿಯತೊಡಗಿತ್ತು!

ಹಿಂದಿನ ಸಾಲಿನ ಪೆಟ್ಟಿಗೆಯ ಮುಚ್ಚಳವನ್ನು ಉಗುರಿನಿಂದ ಮೆಲ್ಲಗೆ ಎತ್ತಿದೆ. ಹೊಸ ಪ್ಲಾಸ್ಟಿಕ್ ಹೊದಿಕೆ. ಒಳಗೆ ಹಳೆಯ ಕಡ್ಡಿ. ಅದರ ಮೈ ಬೆವರಿತ್ತು... ಎಣ್ಣೆಯಂಥ ಹನಿಗಳು, ಒಳಗಿನಿಂದ ಒಸರಿದ ನೈಟ್ರೋಗ್ಲಿಸರಿನ್.

ಬೆವರಿದ ಡೈನಮೈಟ್! ಒಂದು ಪೆಟ್ಟಿಗೆ ಬಿದ್ದರೆ ನಾನೂ ಇಲ್ಲ, ಗೋಡೆಯೂ ಇಲ್ಲ. ಎಲ್ಲೋ ಎಸೆಯಬೇಕಾದ ಹಳೆಯ ಮಾಲು. ಮಾವನ ಕಣ್ಣು ತಪ್ಪಿಸಿ ಸೋಮವಾರ ಸೋಮವಾರ ಖಾಲಿ ಮಾಡುತ್ತಿದ್ದರು. ಕೇಳಿದವರಿಗೆ 'ಹೊಸ ಕಂಪನಿಯ ಮಾಲು' ಎಂಬ ಉತ್ತರ.

ಮುಚ್ಚಳ ಬಿಟ್ಟೆ. ಉಸಿರೂ ಬಿಟ್ಟೆ.

"ಸೈನ್ ಆಯ್ತಾ ಮೇಡಂ?"

"ಪೆನ್ನು ಬರೀತಿಲ್ಲ!"

ಎರಡು ಗಂಟೆಗೆ ಮದ್ದು ಒಯ್ಯಲು ಡ್ರಿಲ್ಲರ್‌ಗಳು ಬರುತ್ತಾರೆಂದು ಗೊತ್ತಿತ್ತು. ಕೈಗಾಡಿಯ ಸದ್ದು ಕೇಳುವವರೆಗೆ ಕಾದೆ. ಬಂತು.

"ಮ್ಯಾನೇಜರ್ ಸಾರ್!" ಗಂಟಲು ಹರಿಯುವಂತೆ ಕೂಗಿದೆ. "ಬಾಗಿಲಿಗೆ ಜೋರಾಗಿ ಒಂದು ಒದೀರಿ!"

"ಏನು?"

"ಒದೀರಿ! ಎಮಲ್ಷನ್ ತಾನೇ? ನೀವು ಒದೀತೀರೋ, ನಾನು ಒಂದು ಪೆಟ್ಟಿಗೆ ಎತ್ತಿ ಬಾಗಿಲಿಗೆ ಎಸೀಲೋ?"

"ಅಯ್ಯೋ, ಬೇಡ! ಅಲ್ಲಾಡಿಸ್ಬೇಡಿ! ಮೆತ್ತಗೆ... ಮೆತ್ತಗೆ ಮೇಡಂ!"

ಕೈಗಾಡಿ ನಿಂತಿತು. ಆಮೇಲೆ ಡ್ರಿಲ್ಲರ್‌ಗಳ ಮೇಸ್ತ್ರಿಯ ದನಿ. ತಣ್ಣಗೆ.

"ಯಾಕ್ ಸಾರ್ ಹಿಂದೆ ಹಿಂದೆ ಹೋಗ್ತಿದೀರಾ? ಇದನ್ನೇ ಅಲ್ವಾ ಕೋಲಲ್ಲಿ ಜಡೀರೋ ಅಂತ ನಮಗೆ ಹೇಳಿದ್ದು?"

ಮ್ಯಾನೇಜರ್‌ನ ಹೆಜ್ಜೆ ಸದ್ದು ಇನ್ನೂ ದೂರ ಸರಿಯಿತು. ಮೇಸ್ತ್ರಿ ಬಿಡಲಿಲ್ಲ.

"ಕೀ ಕೊಡಿ."

ಎಂಟು ಜನ ಡ್ರಿಲ್ಲರ್‌ಗಳು ಸುಮ್ಮನೆ ನಿಂತರೂ ಸಾಕು, ಕೀ ತಾನಾಗಿ ಕೈಗೆ ಬರುತ್ತದೆ. ಬಂತು.

ಮೇಸ್ತ್ರಿಯ ಬೈಕ್ ಹಿಂದೆ ಹಾರಿ ಕೂತೆ. ಉಳಿದವರು ಖಾಲಿ ಟಿಪ್ಪರ್ ಹತ್ತಿದರು. ಹಿಂದೆ ಮ್ಯಾನೇಜರ್‌ನ ಜೀಪು. ಧೂಳು... ಹಾರನ್... ತಿರುವಿನಲ್ಲಿ ನನ್ನ ಚಪ್ಪಲಿ ಒಂದು ಹಾರಿಹೋಯಿತು!

ಗಣಿಯ ಬಾಯಲ್ಲಿ ಬಾವುಟದವನು ನಿಂತಿದ್ದ. ಗಾಯಗೊಂಡವನ ತಮ್ಮ. ನಮ್ಮ ಬೈಕ್ ಬಿಟ್ಟ. ಟಿಪ್ಪರ್ ಬಿಟ್ಟ. ಜೀಪಿನ ಮುಂದೆ ಕೆಂಪು ಬಾವುಟ ಅಡ್ಡ ಹಿಡಿದ. ಕೆಂಪು ಬಾವುಟ ಎಂದರೆ ಸಿಡಿತ ಮುಗಿಯುವವರೆಗೆ ಮಾಲೀಕನೂ ದಾಟುವಂತಿಲ್ಲ.

"ಎಷ್ಟೊತ್ತೋ?" ಮ್ಯಾನೇಜರ್ ಕಿರುಚಿದ.

"ಗೊತ್ತಿಲ್ಲ ಸಾರ್. ಮದ್ದು ಇನ್ನೂ ಬಂದಿಲ್ಲ."

ನಾಲ್ಕಕ್ಕೆ ಐದು ನಿಮಿಷವಿರುವಾಗ, ಒಂದೇ ಚಪ್ಪಲಿಯಲ್ಲಿ ವಿಚಾರಣೆಯ ಕೋಣೆಗೆ ಕಾಲಿಟ್ಟೆ. ಮಾವ ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ಎಂಟು ಜನರೂ ಒಬ್ಬೊಬ್ಬರಾಗಿ ಸೋಮವಾರದ ಮಾಲಿನ ಕತೆ ಹೇಳಿದರು. ಮಾವನೂ ಎದ್ದು, ಖಾಲಿ ಪುಟಕ್ಕೆ ಸಹಿ ಹಾಕಿದ್ದು ತನ್ನದೇ ತಪ್ಪು ಎಂದರು. ಯಾರೂ ಕೇಳಿರಲಿಲ್ಲ!

ವಿಚಾರಣೆಯ ಅಧ್ಯಕ್ಷರು ಇನ್ಸ್‌ಪೆಕ್ಟರನ್ನು ಗಣಿಗೆ ಓಡಿಸಿದರು. ಒಂದು ಗಂಟೆಯಲ್ಲಿ ಫೋನ್ ಬಂತು. ಕೇಳುತ್ತ ಕೇಳುತ್ತ ಅವರ ಮುಖ ಸುಣ್ಣವಾಯಿತು.

"ಹನಿ ತೊಟ್ಟಿಕ್ತಾ ಇದೆಯಂತೆ," ಮಾವನ ಕಡೆ ತಿರುಗಿ ಅಂದರು. "ಅದನ್ನ ಮುಟ್ಟೋಕೆ ಯಾರೂ ಒಪ್ತಿಲ್ಲ. ಇಂಥದ್ದನ್ನ ಹುಷಾರಾಗಿ ತೆಗೆಯೋರು ಈ ಕಡೆ ನೀವೊಬ್ರೇ ಅಂತೆ. ಈಗಲೇ ಹೋಗ್ತೀರಾ?"

ಮಾವ ನಿಧಾನಕ್ಕೆ ಕನ್ನಡಕ ಒರೆಸಿಕೊಂಡರು.

"ಲೈಸೆನ್ಸ್ ಇಲ್ದೋನು ಮದ್ದು ಮುಟ್ಟೋದು ಅಪರಾಧ ಸಾರ್."