ಅಮ್ಮ ಊರಲ್ಲಿಲ್ಲ

ಫೋನು ಮತ್ತೆ ಹೊಡೆದುಕೊಂಡಿತು. ಚೂಟಿ ಒಂದೇ ನೆಗೆತಕ್ಕೆ ಹೋಗಿ ಅದನ್ನು ಬಾಚಿಕೊಂಡಳು.

ಅಮ್ಮ ಸೋಫಾದ ಮೇಲೆ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಒಂದು ಕಾಲಿನ ಚಪ್ಪಲಿ ಬಿಚ್ಚಿದ್ದಳು, ಇನ್ನೊಂದನ್ನು ಬಿಚ್ಚುವಷ್ಟರಲ್ಲಿ ಕಣ್ಣು ಮುಚ್ಚಿಹೋಗಿತ್ತು. ಯಾರದೋ ಬೀದಿಯಲ್ಲಿ ಪೈಪು ಒಡೆದಿದೆ ಅಂತ ಬೆಳಗಾಗುವ ಮೊದಲೇ ಹೋದವಳು, ಆಮೇಲೆ ಮೀಟಿಂಗು, ಆಸ್ಪತ್ರೆ, ಇಬ್ಬರು ಅಕ್ಕಪಕ್ಕದವರ ಗೋಡೆ ಜಗಳ ಎಲ್ಲ ಮುಗಿಸಿ ಈಗ ತಾನೇ ಮನೆಗೆ ಬಂದಿದ್ದಳು. ಅದೂ ಭಾನುವಾರ.

ಹೋದ ವರ್ಷದವರೆಗೆ ಅಮ್ಮನದು ಹೊಲಿಗೆ ಅಂಗಡಿ. ಬಟ್ಟೆ ಹೊಲಿಸಲು ಬಂದವರೆಲ್ಲ, "ನಿಮ್ಮಂಥೋರು ಎಲೆಕ್ಷನ್‌ಗೆ ನಿಂತ್ಕೋಬೇಕು" ಅಂದರು. ಅಮ್ಮ ನಿಂತಳು, ಗೆದ್ದಳು, ವಾರ್ಡಿನ ಎಲ್ಲರಿಗೂ ಮೆಂಬರಮ್ಮ ಆದಳು. "ಅವತ್ತು ನಿಂತೋಳು ಇನ್ನೂ ಕೂತಿಲ್ಲ" ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಇವತ್ತು ಸಂಜೆ ಸೈಕಲ್ ಕಲಿಸುತ್ತೇನೆಂದು ಅಮ್ಮ ಮಾತು ಕೊಟ್ಟಿದ್ದಳು. ಹಿಂದೆಯೂ ಕೊಟ್ಟಿದ್ದಳು. ಪ್ರತಿ ಸಲವೂ ಯಾವುದೋ ಫೋನು ಬಂದು ಅವಳನ್ನು ಎಳೆದುಕೊಂಡು ಹೋಗಿತ್ತು.

ಚೂಟಿ ಫೋನನ್ನು ಅಡುಗೆಮನೆಗೆ ಒಯ್ದು ಕಿವಿಗಿಟ್ಟಳು.

"ಮೆಂಬರಮ್ಮ ಇದಾರಾ?" ವಯಸ್ಸಾದವರ ದನಿ.

"ಅಮ್ಮ ಊರಲ್ಲಿಲ್ಲ."

"ಅಯ್ಯೋ! ಎಲ್ಲಿಗೆ ಹೋಗಿದಾರಮ್ಮ?"

ಚೂಟಿ ಇಷ್ಟು ದೂರ ಯೋಚಿಸಿರಲಿಲ್ಲ. "ತುಂಬಾ ದೂರ."

"ಚರಂಡಿ ನೀರು ಮನೆಯೊಳಗೇ ಬರ್ತಿದೆ ಮಗು. ಆಫೀಸಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ."

"ಬಂದ್ಮೇಲೆ ಹೇಳ್ತೀನಿ ತಾತ."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. ಚೂಟಿ ಫೋನನ್ನು ಆಫ್ ಮಾಡಿ ಅಮ್ಮನ ಚೀಲದೊಳಗೆ ತುರುಕಿದಳು. ಅಮ್ಮ ಎದ್ದಮೇಲೆ ಹೇಳಿದರಾಯಿತು ಎಂದುಕೊಂಡಳು. ಅಮ್ಮ ಎದ್ದಳು. ಮುಖ ತೊಳೆದು, "ಅಬ್ಬಾ, ಎಂಥಾ ನಿದ್ದೆ! ಬಾ ಬಾ, ಸೈಕಲ್ ತೆಗಿ" ಎಂದಳು. ಆಗ ಹೇಳಲು ಚೂಟಿಗೆ ಬಾಯಿ ಬರಲಿಲ್ಲ. ಸೈಕಲ್ ಕಲಿತಮೇಲೆ ಹೇಳಿದರಾಯಿತು.

ಮೈದಾನದಲ್ಲಿ ಅಮ್ಮ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದಳು. "ಮುಂದೆ ನೋಡೇ! ಚಕ್ರ ಏನು ನೋಡ್ತೀಯ, ಅದೆಲ್ಲೂ ಓಡಿಹೋಗಲ್ಲ!" ಚೂಟಿ ಕಿರುಚಿದಳು, ವಾಲಿದಳು, ಮತ್ತೆ ನೆಟ್ಟಗಾದಳು. ಅಮ್ಮ ನಗುತ್ತಾ ಏದುಸಿರು ಬಿಡುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಮೈದಾನದ ಗೇಟಿನ ಹತ್ತಿರ ಒಬ್ಬ ತಾತ ನಿಂತಿದ್ದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರು. ಕೈಯಲ್ಲಿ ಯಾರಿಂದಲೋ ಕೇಳಿ ತಂದ ಎರಡು ಖಾಲಿ ಬಕೆಟ್.

"ಊರಿಂದ ಯಾವಾಗ ಬಂದ್ರಿ ಮೆಂಬರಮ್ಮ?" ಎಂದು ಕೇಳಿದರು.

"ಊರಿಂದಲಾ? ನಾನೆಲ್ಲಿ ಹೋಗಿದ್ದೆ?"

"ತುಂಬಾ ದೂರ ಅಂದ್ರಪ್ಪ ಫೋನಲ್ಲಿ." ತಾತನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇರ್ಲಿ ಬಿಡಿ, ಇದೇನು ನಮಗೆ ಹೊಸದಲ್ಲ. ಓಟು ಕೇಳೋವಾಗ ಎಲ್ಲರೂ ಊರಲ್ಲೇ ಇರ್ತಾರೆ. ಆಮೇಲೆ ಯಾರೂ ಇರಲ್ಲ."

ಅಮ್ಮ ಚೀಲದಿಂದ ಫೋನು ತೆಗೆದಳು. ಅದು ಆಫ್ ಆಗಿತ್ತು. ಒಂದು ಕ್ಷಣ ಚೂಟಿಯ ಕಡೆ ನೋಡಿದಳು. ಚೂಟಿ ಸೈಕಲ್ ಬೆಲ್ಲನ್ನು ನೋಡಿದಳು. ಈಗ ಅಮ್ಮ ಹೇಳಿಬಿಡುತ್ತಾಳೆ, 'ನಾನಲ್ಲ, ಈ ಹುಡುಗಿ ಮಾಡಿದ್ದು' ಅಂತ.

"ತಪ್ಪಾಯ್ತು ತಾತ," ಎಂದಳು ಅಮ್ಮ. "ನಡೀರಿ, ಮನೆ ತೋರಿಸಿ."

ತಾತನ ಮನೆ ಇಳಿಜಾರು ಬೀದಿಯ ತುದಿಯಲ್ಲಿತ್ತು. ಬಾಗಿಲಲ್ಲೇ ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವ ವಾಸನೆ. ಹಾಸಿಗೆಯನ್ನು ಸುತ್ತಿ ಮೇಜಿನ ಮೇಲಿಟ್ಟಿದ್ದರು. ಒಳಗೆ ಒಬ್ಬಳು ಹುಡುಗಿ ಮಗ್ಗಿನಿಂದ ನೀರು ಮೊಗೆದು ಬಕೆಟ್ಟಿಗೆ ಸುರಿಯುತ್ತಿದ್ದಳು. ಅವಳು ತಿರುಗಿದಾಗ ಚೂಟಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕ್ಲಾಸಿನ ಗುಂಗುರು! ತಲೆತುಂಬ ಗುಂಗುರು ಕೂದಲೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು.

ಅಮ್ಮ ಎಂಜಿನಿಯರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಬ್ಬರಿಗೆ ಮಾಡಿದಳು, ಅವರು ಭಾನುವಾರ ಅಂದರು. ಕೊನೆಗೆ ಚರಂಡಿ ನೀರು ಎಳೆಯುವ ಲಾರಿಯ ಡ್ರೈವರ್ ಸಿಕ್ಕ. "ಅಣ್ಣಾ, ಊಟ ಮುಗಿಸ್ಕೊಂಡೇ ಬನ್ನಿ. ಆದ್ರೆ ಬನ್ನಿ. ನೀವು ಬರೋವರೆಗೂ ನಾನಿಲ್ಲಿಂದ ಕದಲಲ್ಲ." ಆಮೇಲೆ ಚಪ್ಪಲಿ ಬಿಟ್ಟು ನೀರಿಗಿಳಿದು ತಾನೂ ಮೊಗೆಯತೊಡಗಿದಳು.

ಬೀದಿಯ ಜನ ಸೇರಿದರು.

"ಕ್ಯಾಮೆರಾ ಎಲ್ಲಿದೆ? ಫೋಟೊ ತೆಗೆಯೋರು ಬರ್ಲಿಲ್ವಾ?" ಯಾರೋ ಕೇಳಿದರು. ಉಳಿದವರು ನಕ್ಕರು.

"ಅಷ್ಟು ಹೊತ್ತು ಮನೇಲಿ ಕೂತು ಮಗು ಕೈಲಿ ಸುಳ್ಳು ಹೇಳಿಸೋದು," ಎಂದರು ಎದುರುಮನೆ ಆಂಟಿ. "ಈಗ ಈ ನಾಟಕ."

ಚೂಟಿ ಮುಂದೆ ಬಂದಳು. "ಹೇಳಿಸಿಲ್ಲ ಆಂಟಿ!" ಅವಳ ದನಿ ಅವಳಿಗೇ ಜೋರೆನಿಸಿತು. "ನಾನೇ ಹೇಳಿದ್ದು. ಅಮ್ಮ ನಿದ್ದೆ ಮಾಡ್ತಿದ್ಲು. ಅವಳಿಗೆ ಗೊತ್ತೇ ಇರ್ಲಿಲ್ಲ. ಫೋನ್ ಆಫ್ ಮಾಡಿದ್ದೂ ನಾನೇ."

ಆಂಟಿ ಪಕ್ಕದವರ ಕಡೆ ತಿರುಗಿ, "ನೋಡಿದ್ರಾ, ಪಾಠ ಎಷ್ಟು ಚೆನ್ನಾಗಿ ಒಪ್ಪಿಸ್ತಾಳೆ!" ಎಂದರು.

ಚೂಟಿ ಸುಳ್ಳು ಹೇಳಿದಾಗ ತಾತ ತಕ್ಷಣ ನಂಬಿದ್ದರು. ನಿಜ ಹೇಳಿದರೆ ಯಾರೂ ನಂಬುತ್ತಿಲ್ಲ!

ಗುಂಗುರು ಅವಳನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ನೀನೇನಾ?"

"ಹೂಂ. ನಿಮ್ಮನೆ ಅಂತ ಗೊತ್ತಿರ್ಲಿಲ್ಲ."

"ನಮ್ಮನೆ ಅಲ್ದಿದ್ರೆ?"

ಗುಂಗುರು ಇನ್ನೊಂದು ಮಗ್ಗು ತಂದು ಚೂಟಿಯ ಕೈಗಿಟ್ಟಳು. ಇಬ್ಬರೂ ಮೊಗೆದರು.

ಲಾರಿ ಬಂತು. ದಪ್ಪ ಪೈಪನ್ನು ಬೀದಿಯ ಚರಂಡಿ ಗುಂಡಿಗಿಳಿಸಿ ಗಡಗಡ ಎಂದು ಎಳೆಯಿತು. ಎಳೆದು ಎಳೆದು ಕೊನೆಗೆ ಡ್ರೈವರ್ ಕೊಕ್ಕೆ ಹಾಕಿ ಏನನ್ನೋ ಮೇಲಕ್ಕೆತ್ತಿದ. ದಿಂಬು! ಹೂವಿನ ಕವರಿನ ದೊಡ್ಡ ದಿಂಬು.

"ಯಾರದ್ರೀ ಇದು?"

ಬೀದಿಯವರೆಲ್ಲ ಆಕಾಶ ನೋಡಿದರು. ಯಾರೂ ತಮ್ಮದು ಅನ್ನಲಿಲ್ಲ. ಅಮ್ಮನೂ ಕೇಳಲಿಲ್ಲ. ಗುಂಡಿಯಲ್ಲಿ ಸುಳಿಯೆದ್ದು ನೀರು ಇಳಿಯತೊಡಗಿತು.

ತಾತ ಅಮ್ಮನಿಗೆ ಸೋಪು, ಟವೆಲ್ ತಂದುಕೊಟ್ಟರು. "ನಾಳೆ ಬೀದಿ ದೀಪದ ವಿಷ್ಯಕ್ಕೆ ಬರ್ತೀನಿ" ಎಂದರು. ಧನ್ಯವಾದ ಹೇಳಲಿಲ್ಲ. "ಬನ್ನಿ ತಾತ" ಎಂದಳು ಅಮ್ಮ.

ಸೈಕಲ್ ತಳ್ಳಿಕೊಂಡು ಬೀದಿಗೆ ಬಂದಾಗ ಚೂಟಿ ಕೇಳಿದಳು, "ನಾನು ಹೇಳಿದ್ದು ಅಂತ ನೀನು ಯಾಕಮ್ಮ ಹೇಳ್ಲಿಲ್ಲ?"

"ಅವರ ಮನೇಲಿ ನೀರಿತ್ತಲ್ಲ. ಮಾತಾಡ್ತಾ ನಿಂತಿದ್ರೆ ಅದು ಇಳೀತಿತ್ತಾ?"

"ಆ ಆಂಟಿ ಈಗ್ಲೂ ನಂಬಿಲ್ಲ."

"ಎಷ್ಟೋ ಜನ ಅವರಿಗೆ ಊರಲ್ಲಿಲ್ಲ ಅಂತ ಹೇಳಿದಾರೆ ಮರಿ. ಇವತ್ತು ನಾವೂ ಹೇಳಿದ್ವಿ."

ನಾವೂ ಅಂದಳು ಅಮ್ಮ. ನೀನು ಅನ್ನಲಿಲ್ಲ. ಚೂಟಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮೆಂಬರಮ್ಮಾ!" ಹಿಂದಿನಿಂದ ಕೂಗು. ಅದೇ ಎದುರುಮನೆ ಆಂಟಿ ಕಿಟಕಿಯಿಂದ ಕೈ ಬೀಸುತ್ತಿದ್ದರು. "ಹೇಗೂ ಬಂದಿದೀರ, ನಮ್ಮನೆ ಗೇಟಿನ ಮುಂದಿನ ಗುಂಡಿ ಒಂಚೂರು ನೋಡ್ತೀರಾ? ಇಲ್ಲಾ ಮನೇಲಿ ಕೆಲಸ ಇದ್ಯಾ?"

ಅಮ್ಮ ನಿಂತಳು. ಅವಳ ಭುಜ ಸ್ವಲ್ಪ ಇಳಿಯಿತು. ಅವಳು ಚೂಟಿಯ ಮುಖ ನೋಡಿದಳು.

ಚೂಟಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು.